ನಂದಿಯ ಬುಡದಲ್ಲಿ ಫ್ರಾನ್ಸಿನ ಬಳ್ಳಿ

ದೊಡ್ಡಬಳ್ಳಾಪುರ ದಾಟಿ ದೇವನಹಳ್ಳಿ ರಸ್ತೆಗೆ ಹೊರಳುತ್ತಿದ್ದಂತೆ ಎಡಕ್ಕೆ ನಂದಿಬೆಟ್ಟ ಎದ್ದು ನಿಲ್ಲುತ್ತದೆ. ಮಂಜು ಇನ್ನೂ ಕರಗಿಲ್ಲ; 1,478 ಮೀಟರ್ ಎತ್ತರದ ನೆತ್ತಿಯ ಬಂಡೆಗೆ ಮಾತ್ರ ಎಳೆಬಿಸಿಲು ತಾಗಿದೆ. ಮುಂಡಗೋಡ ತಾಲೂಕಿನ ನಮ್ಮ ಪಾಳಾದಲ್ಲಿ ಈಗ ಮಾವು ಹೂ ಉದುರಿಸಿ ಮಿಡಿ ಕಚ್ಚುವ ಕಾಲ. ಇಲ್ಲಿ, ರಘುನಾಥಪುರದ ಗ್ರೋವರ್ ತೋಟದಲ್ಲಿ, ಫೆಬ್ರುವರಿಯ ಈ ಚಳಿಯಲ್ಲೇ ದ್ರಾಕ್ಷಿ ಕೊಯ್ಲು ಶುರುವಾಗಿದೆ.

ತಂತಿಗಳಿಗೆ ಹಬ್ಬಿಸಿದ ಬಳ್ಳಿಗಳ ಸಾಲು ಬೆಟ್ಟದ ಕಡೆಗೇ ಓಡುತ್ತದೆ. ಕೆಳಗೆ ಕೆಂಪು ಮಣ್ಣು, ಮೇಲೆ ಇಬ್ಬನಿ ಹೊತ್ತ ಎಲೆ. ಕತ್ತರಿಯ ಟಕ್ ಟಕ್ ಸದ್ದು, ಪ್ಲಾಸ್ಟಿಕ್ ಕ್ರೇಟು ನೆಲಕ್ಕೆ ತಾಗುವ ಸದ್ದು, ನಡುನಡುವೆ ಹೆಂಗಸರ ನಗು. ಬಿಸಿಲೇರಿದರೆ ಹಣ್ಣು ಕಾಯುತ್ತದೆ, ಅದಕ್ಕೇ ಈ ಬೆಳಗಿನ ಅವಸರ. ಒಬ್ಬಾಕೆ ಗೊಂಚಲೊಂದನ್ನು ನನ್ನ ಕೈಗಿಟ್ಟು, ‘ತಿಂದು ನೋಡಿ ಅಣ್ಣ, ಬರೀ ಬೀಜಾನೇ ಸಿಗೋದು’ ಎನ್ನುತ್ತಾಳೆ. ಕ್ಯಾಬರ್ನೆ ಸುವಿನ್ಯೋಂ ಹಣ್ಣು ಬಟಾಣಿಗಿಂತ ತುಸು ದೊಡ್ಡದು. ಕಡುನೀಲಿ ಮೈಮೇಲೆ ಬೂದಿ ಬಣ್ಣದ ತೆಳು ಪುಡಿ. ಬೆರಳಲ್ಲಿ ಹಿಚುಕಿದರೆ ಒಳಗಿನ ತಿರುಳಿಗೆ ಬಣ್ಣವೇ ಇಲ್ಲ! ವೈನಿನ ಕೆಂಪೆಲ್ಲ ಸಿಪ್ಪೆಯದು. ಆ ಸಿಪ್ಪೆಯನ್ನು ಅಗಿದರೆ ಮೊದಲು ಸಿಹಿ, ಆಮೇಲೆ ನಾಲಿಗೆ ಹಿಡಿದುಕೊಳ್ಳುವ ಒಗರು.

ಈ ಬಳ್ಳಿ ಫ್ರಾನ್ಸಿನ ಬೋರ್ಡೋ ಸೀಮೆಯದು. ಇಲ್ಲಿಗೆ ಬಂದದ್ದು ಕನ್ವಲ್ ಗ್ರೋವರ್ ಎಂಬ ಉದ್ಯಮಿಯ ಹಂಬಲದಿಂದ. ಫ್ರಾನ್ಸಿಗೆ ಹೋಗಿಬಂದು ಅಲ್ಲಿಯ ವೈನಿಗೆ ಮನಸೋತ ಅವರು, ಷಾಂಪೇನ್ ಸೀಮೆಯ ಬೂಜಿ ಊರಿನ ಜಾರ್ಜ್ ವೆಸೆಲ್ ಎಂಬ ತಜ್ಞರನ್ನು ಜೊತೆಗೆ ಹಾಕಿಕೊಂಡು ಮಣ್ಣು, ಹವೆ ಪರೀಕ್ಷಿಸಿ ನಂದಿಯ ಬುಡವನ್ನು ಆರಿಸಿದರು. 1988ರಲ್ಲಿ ಗ್ರೋವರ್ ಸಂಸ್ಥೆ ಹುಟ್ಟಿತು. ಮುಂದೆ ಬೋರ್ಡೋದ ಹೆಸರಾಂತ ಮಿಶೆಲ್ ರೋಲಾಂ ಸಲಹೆಗಾರರಾದರು. ಸಂಸ್ಥೆ ಹುಟ್ಟುವುದಕ್ಕೆ ಸರಿಯಾಗಿ ಇನ್ನೂರು ವರ್ಷ ಹಿಂದೆ, 1788ರಲ್ಲಿ, ಟಿಪ್ಪು ಸುಲ್ತಾನನ ರಾಯಭಾರಿಗಳು ವರ್ಸೇಲ್ಸ್‌ನಲ್ಲಿ ಹದಿನಾರನೆಯ ಲೂಯಿಯನ್ನು ಕಂಡಿದ್ದರು. ಫ್ರಾನ್ಸಿನ ಕುಶಲಕರ್ಮಿಗಳ ಜೊತೆಗೆ ಗಿಡಬೀಜಗಳೂ ಬೇಕೆಂಬುದು ಟಿಪ್ಪುವಿನ ಬೇಡಿಕೆಯಾಗಿತ್ತು. ಆತನ ಕೋಟೆ ಎದುರಿನ ಆ ಬಂಡೆಯ ಮೇಲೆ ಈಗಲೂ ಇದೆ. ಬಳ್ಳಿಯ ನಡುವೆ ನಿಂತು ಕತ್ತೆತ್ತಿದರೆ ಎರಡೂ ಕಥೆ ಒಂದೇ ನೋಟಕ್ಕೆ ಸಿಗುತ್ತವೆ.

ಫ್ರಾನ್ಸಿನಲ್ಲಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುವ ಬಳ್ಳಿಗೆ ಇಲ್ಲಿ ನಿದ್ದೆಯೇ ಇಲ್ಲ. ಹೀಗಾಗಿ ವರ್ಷಕ್ಕೆ ಎರಡು ಸಲ ಸವರುತ್ತಾರೆ: ಬೇಸಿಗೆಯಲ್ಲಿ ಕಡ್ಡಿ ಬಲಿಯಲೆಂದು, ಮಳೆ ಹಿಂದಾಗುವ ಹೊತ್ತಿಗೆ ಹಣ್ಣಿಗೆಂದು. ಅಲ್ಲಿ ಸೆಪ್ಟೆಂಬರಿನ ಸುತ್ತ ನಡೆಯುವ ಕೊಯ್ಲು ಇಲ್ಲಿ ಮಾಗಿಯ ಕೊನೆಗೆ ಬಂದು ನಿಂತಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನೆಲದಲ್ಲಿ ರಾತ್ರಿ ತಂಪಾಗುವುದರಿಂದ ಹಣ್ಣಿನ ಹುಳಿ ಉಳಿಯುತ್ತದೆ.

ವೈನರಿಯ ಒಳಗೆ ಕಾಲಿಟ್ಟರೆ ಹುಳಿ ಬರುತ್ತಿರುವ ರಸದ ಘಾಟು ಮೂಗಿಗೆ ಅಡರುತ್ತದೆ. ಆಳೆತ್ತರ ಮೀರಿದ ಸ್ಟೀಲ್ ಟ್ಯಾಂಕುಗಳು, ಅವುಗಳ ತಣ್ಣನೆಯ ಮೈ. ಅಲ್ಲಿಂದ ಇಳಿದರೆ ಅರೆಗತ್ತಲೆಯ ನೆಲಮಾಳಿಗೆ. ಓಕ್ ಮರದ ಪೀಪಾಯಿಗಳು ಸಾಲಾಗಿ ಮಲಗಿವೆ. ಒದ್ದೆ ಮರ, ವೆನಿಲ್ಲಾ, ಹಳೆಯ ಹಣ್ಣು ಎಲ್ಲ ಬೆರೆತ ವಾಸನೆ. ಇಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ.

ರುಚಿ ನೋಡುವ ಕೋಣೆಯಲ್ಲಿ ಗ್ಲಾಸು ಬರುತ್ತವೆ. ಕಾಲು ಹಿಡಿದು ಓರೆ ಮಾಡಿ, ಮೆಲ್ಲಗೆ ತಿರುಗಿಸಿ, ಮೊದಲು ಮೂಗಿಗೆ ಕೊಡಬೇಕು. ಸುವಿನ್ಯೋಂ ಬ್ಲಾಂ ಆಗಷ್ಟೇ ಕೊಯ್ದ ಹುಲ್ಲಿನ ಹಸಿರು ವಾಸನೆಯದು, ಗುಟುಕಿಗೆ ಬಾಯೆಲ್ಲ ಚುರುಕು. ಲಾ ರಿಸರ್ವ್ ಎಂಬ ಕೆಂಪು ವೈನು ಕ್ಯಾಬರ್ನೆಯ ಜೊತೆ ರೋನ್ ಕಣಿವೆಯ ಶಿರಾಜ್ ಬೆರೆತದ್ದು. ನೇರಳೆ, ಕಾಳುಮೆಣಸು, ಹಿಂದೆ ಒಂದಿಷ್ಟು ಹೊಗೆ. ನಾನು ಸೋತದ್ದು ಮಾತ್ರ ಹೊಂಬಣ್ಣದ ವಿಯೊನಿಯೇಗೆ. ರೋನ್ ದಂಡೆಯ ಕೋಂದ್ರಿಯು ಊರಿನ ಈ ತಳಿ 1960ರ ದಶಕದ ಹೊತ್ತಿಗೆ ಅಲ್ಲೇ ಅಳಿವಿನ ಅಂಚಿಗೆ ಬಂದಿತ್ತು. ಅದು ಇಲ್ಲಿ, ನಂದಿಯ ಕೆಂಪು ಮಣ್ಣಿನಲ್ಲಿ ಬೇರೂರಿ, ಮಲ್ಲಿಗೆ ಮತ್ತು ಮಾಗಿದ ಹಣ್ಣಿನ ಪರಿಮಳವನ್ನು ನನ್ನ ಗ್ಲಾಸಿಗೆ ಸುರಿಯುತ್ತಿದೆ!

ಪಾಳಾದ ಹಿರಿಯರು ಆಪೂಸನ್ನು ಮೂಸಿಯೇ ಇದು ಕೆರೆಬಯಲಿನದು, ಇದು ದಿಬ್ಬದ್ದು ಎನ್ನುತ್ತಾರೆ. ತಳಿ ಒಂದೇ, ನೆಲ ಬೇರೆ. ಫ್ರೆಂಚರು ಇದೇ ತಿಳಿವಳಿಕೆಯನ್ನು ಕಾನೂನು ಮಾಡಿಕೊಂಡರು. 1935ರಿಂದ ಅವರ ಒಳ್ಳೆಯ ವೈನುಗಳಿಗೆ ಊರು, ಸೀಮೆಯ ಹೆಸರಿನದೇ ಕಟ್ಟುಪಾಡು. ಕೋಂದ್ರಿಯು, ಸಾನ್ಸೇರ್ ಎಂದರೆ ಸಾಕು, ತಳಿಯ ಹೆಸರು ಕೇಳಬೇಕಿಲ್ಲ. ನಮ್ಮ ಬಾಟಲಿಗಳಲ್ಲೂ ಊರಿನ ಹೆಸರು ದಪ್ಪಕ್ಷರದಲ್ಲಿ ಬರಬೇಕು. ಬೋರ್ಡೋದಂತಿದೆ ಎಂಬ ಹೊಗಳಿಕೆ ಈ ವೈನಿಗೆ ಬೇಡ. ಇದರಲ್ಲಿ ನಂದಿಯ ಬಿಸಿಲಿದೆ.

‘ಸರ್, ಕೊಪ್ಪಳದ ಕಡೆ ಬಂಡೆಬೆಟ್ಟಗಳ ನಡುವೆಯೂ ಕ್ಯಾಬರ್ನೆ ಬೆಳೀತಾರೆ, ಅದರ ರುಚಿ ನೋಡಿದ್ದೀರಾ?’ ಎಂದು ಗ್ಲಾಸು ತುಂಬುವ ಹುಡುಗ ಕೇಳುತ್ತಾನೆ. ಇಲ್ಲ. ಆದರೆ ಹುಬ್ಬಳ್ಳಿಯಿಂದ ಕೊಪ್ಪಳಕ್ಕೆ ರೈಲಿದೆ, ಪಾಳಾದಿಂದ ಹುಬ್ಬಳ್ಳಿ ಎಷ್ಟು ದೂರ! ಕೊಯ್ಲು ಮುಗಿಯುವುದರೊಳಗೆ ಹೊರಡಬೇಕು.