ಗಾಡಿ ನಿಂತಿದ್ದ ಜಾಗ ಕೇಳಿ

ಹಳೆ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟನೇ ಓನರ್ ಎಂದು. ಬೆಂಗಳೂರಿನ ಹೊಸಕೆರೆಹಳ್ಳಿಯಲ್ಲಿ ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ: ಈ ಗಾಡಿ ರಾತ್ರಿ ಹೊತ್ತು ಎಲ್ಲಿ ನಿಲ್ಲುತ್ತಿತ್ತು?

2020ರ ಅಕ್ಟೋಬರ್ 23ರ ಸಂಜೆ, ಆಯುಧಪೂಜೆಗೆ ಎರಡೇ ದಿನ ಇರುವಾಗ ಸುರಿದ ಮಳೆಗೆ ಇಲ್ಲಿನ ರಾಜಕಾಲುವೆ ಉಕ್ಕಿ ದತ್ತಾತ್ರೇಯನಗರದ ಮನೆಗಳಿಗೆ ನುಗ್ಗಿತು. ಪೂಜೆಗೆಂದು ತೊಳೆದು ಸಿಂಗರಿಸಬೇಕಾಗಿದ್ದ ಕಾರು, ಬೈಕುಗಳು ಬೀದಿಯಲ್ಲೇ ಕೆಸರುನೀರಿನಲ್ಲಿ ನಿಂತವು. ಈ ಕಡೆಯ ಮಳೆನೀರೆಲ್ಲ ವೃಷಭಾವತಿ ಕಣಿವೆಗೆ ಇಳಿಯಬೇಕು. ಇಳಿಯುವ ದಾರಿ ಕಿರಿದಾದಂತೆಲ್ಲ ತಗ್ಗಿನ ಬೀದಿಗಳೇ ಕಾಲುವೆಯಾಗುತ್ತವೆ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಯಮಲೂರಿನ ಕಡೆಯೂ ಕಾರುಗಳು ಮುಳುಗಿದವು. ನೀರು ಕುಡಿದ ಗಾಡಿಗಳೆಲ್ಲ ಗುಜರಿಗೆ ಹೋಗುವುದಿಲ್ಲ. ತೊಳೆದು, ಒಣಗಿಸಿ, ಹೊಸ ಸೀಟ್ ಕವರ್ ಹಾಕಿ, ಒಳಗೊಂದು ಸುಗಂಧದ ಡಬ್ಬಿ ಇಟ್ಟರೆ ನೋಡುವವರ ಕಣ್ಣಿಗೆ ಏನೂ ಕಾಣದು.

ನನ್ನ ಅಕ್ಕನ ಮಗ ಇಲ್ಲೇ ಬಾಡಿಗೆ ಮನೆಯಲ್ಲಿದ್ದಾನೆ. ಮಗು ಹುಟ್ಟಿದ ಮೇಲೆ ಸಣ್ಣದೊಂದು ಕಾರು ಬೇಕೆಂದ. ಎರಡು ಗಾಡಿ ನೋಡಿಟ್ಟಿದ್ದ: ಒಂದು ಇಲ್ಲಿಯದೇ, ಕೆಎ 05 ನಂಬರಿನದು. ಇನ್ನೊಂದು ನಮ್ಮೂರ ಕಡೆಯ ಕೆಎಲ್ 14, ಅಂದರೆ ಕಾಸರಗೋಡಿನ ನೋಂದಣಿಯದು. ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಬೆಳಿಗ್ಗೆ ಬೇಗನೇ ಹೋದೆವು. ಬೇಗ ಹೋಗುವುದಕ್ಕೆ ಕಾರಣವಿದೆ. ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ಬಾನೆಟ್ ಮುಟ್ಟಿದಾಗ ಆಗಲೇ ಬಿಸಿಯಿದ್ದರೆ, ನೀವು ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಆಗ ಮಾತು ಬೆಳೆಸದೆ, ನಾಳೆ ಬರುತ್ತೇವೆ ಎಂದು ಹೊರಟುಬಿಡಬೇಕು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಆಯಿಲ್ ಹಾಕುವ ಮುಚ್ಚಳದ ಒಳಮೈಯಲ್ಲಿ ಹಾಲಿನ ಬಣ್ಣದ ನೊರೆಯಂಥದ್ದು ಅಂಟಿದ್ದರೂ ಅದೇ ಅನುಮಾನ.

ಕೆಎ 05 ಗಾಡಿ ಇವೆಲ್ಲದರಲ್ಲೂ ಪಾಸಾಯಿತು. ಬಣ್ಣ ಹೊಳೆಯುತ್ತಿತ್ತು, ಎಸಿ ತಂಪಾಗಿತ್ತು. ಮೆಕ್ಯಾನಿಕ್ ಡ್ರೈವರ್ ಸೀಟಿನಲ್ಲಿ ಕೂತು, ಏನೂ ಮಾತಾಡದೆ, ಸೀಟ್ ಬೆಲ್ಟನ್ನು ಮೆಲ್ಲಗೆ ಎಳೆಯತೊಡಗಿದರು. ನಾವು ಹಾಕಿಕೊಳ್ಳುವಷ್ಟಲ್ಲ, ಸುರುಳಿ ಪೂರ್ತಿ ಬಿಚ್ಚುವವರೆಗೆ. ದಿನವೂ ಹೊರಗೆ ಬರುವ ಭಾಗ ಕಪ್ಪಗೆ, ಶುಭ್ರವಾಗಿತ್ತು. ಎಂದೂ ಹೊರಗೆ ಬಾರದ ಕೊನೆಯ ಭಾಗದಲ್ಲಿ ಮಣ್ಣಿನ ಬಣ್ಣದ ಕಲೆ, ಅದರ ಅಂಚಿಗೆ ನೀರು ನಿಂತು ಆರಿದ ಗೆರೆ. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಆಮೇಲೆ ಸೀಟನ್ನು ಹಿಂದಕ್ಕೆ ಸರಿಸಿ ರೈಲಿನ ಬೋಲ್ಟ್ ತೋರಿಸಿದರು. ತಲೆಯೆಲ್ಲ ತುಕ್ಕು. ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದಾಗ ಕೈಗೆ ತೇವ ಹತ್ತಲಿಲ್ಲ, ಆದರೆ ವಾಸನೆ ಹೇಳುವುದನ್ನು ಹೇಳಿತು. ನೀರು ಹೊಕ್ಕ ಗಾಡಿಯ ಎಂಜಿನ್ ರಿಪೇರಿಯಾಗಬಹುದು. ವೈರಿಂಗ್, ಸೆನ್ಸರ್, ಕನೆಕ್ಟರುಗಳು ಇನ್ನೆರಡು ವರ್ಷ ಒಂದೊಂದಾಗಿ ಕೈಕೊಡುತ್ತವೆ. ಬೇಡ ಎಂದೆವು.

ವಿಮೆಯ ಕಾಗದವೂ ಇಂಥದ್ದನ್ನು ಹೇಳುತ್ತದೆ, ನೋಡುವವರು ಕಡಿಮೆ. ಕ್ಲೇಮ್ ಮಾಡದ ಮೊದಲ ವರ್ಷಕ್ಕೆ ನೋ ಕ್ಲೇಮ್ ಬೋನಸ್ ಶೇ. 20. ಅದು 25, 35, 45 ಎಂದು ಏರಿ ಐದು ವರ್ಷಕ್ಕೆ ಶೇ. 50 ಆಗುತ್ತದೆ. ಮೊದಲ ಓನರ್ ಕೈಯಲ್ಲೇ ಇರುವ ಆರು ವರ್ಷ ಹಳೆಯ ಗಾಡಿಯ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಎಂದಿದ್ದರೆ, ಕ್ಲೇಮ್ ಏಕೆ ಆಯಿತು, ಅಥವಾ ವಿಮೆ ಏಕೆ ತಪ್ಪಿತ್ತು ಎಂದು ಕೇಳಲೇಬೇಕು.

ಎರಡನೆಯ ಗಾಡಿಯವರು ಪಯ್ಯನ್ನೂರು ಕಡೆಯವರು, ಕೆಲಸಕ್ಕಾಗಿ ಇಲ್ಲಿದ್ದಾರೆ. ಕನ್ನಡದಲ್ಲಿ ಚೆನ್ನಾಗಿಯೇ ಉತ್ತರಿಸುತ್ತಿದ್ದರು. ಆದರೆ ಎಲ್ಲಕ್ಕೂ ಒಂದೇ ಉತ್ತರ: ‘ಗಾಡಿ ಕಂಡೀಷನ್ ಸೂಪರ್ ಸರ್, ಪೇಪರ್ ಎಲ್ಲ ಕ್ಲಿಯರ್.’ ಕಲಿತ ಭಾಷೆಯಲ್ಲಿ ಮನುಷ್ಯ ಅಗತ್ಯಕ್ಕೆ ಬೇಕಾದಷ್ಟೇ ಆಡುತ್ತಾನೆ, ಮಲಯಾಳದ ಕಚೇರಿಗಳಲ್ಲಿ ಕಾಸರಗೋಡಿನ ಕನ್ನಡಿಗರಾದ ನಾವೂ ಹಾಗೇ ಆಡಿದವರು. ನಾನು ಮಲಯಾಳಕ್ಕೆ ಹೊರಳಿ ಕೇಳಿದೆ: ‘ವಂಡಿಯಿಲ್ ವೆಳ್ಳಂ ಕಯರಿಯಿಟ್ಟುಂಡೋ?’ ಗಾಡಿಗೆ ನೀರೇನಾದರೂ ಹೊಕ್ಕಿತ್ತೇ ಎಂದು. ಅವರ ಮುಖವೇ ಸಡಿಲಾಯಿತು. ನೀರು ಹೊಕ್ಕಿಲ್ಲ, ಆದರೆ ಕೋವಿಡ್ ಕಾಲದಲ್ಲಿ ಗಾಡಿ ಊರಿನಲ್ಲೇ, ಸಮುದ್ರದ ಹತ್ತಿರದ ಮನೆಯ ಅಂಗಳದಲ್ಲಿ ಬಹಳ ಕಾಲ ಓಡದೆ ನಿಂತಿತ್ತು ಎಂದರು. ಹಿಂದಿನ ಬ್ರೇಕ್ ಜಾಮ್ ಆಗಿ ಡ್ರಮ್ ಬದಲಾಯಿಸಿದ್ದು, ಎಡ ಬಾಗಿಲಿನ ಕೆಳಗೆ ಟಿಂಕರಿಂಗ್ ಮಾಡಿಸಿದ್ದು, ಎಲ್ಲ ಒಂದರ ಹಿಂದೊಂದು ಬಂತು. ನಾನು ಮೆಕ್ಯಾನಿಕ್‌ಗೆ ಕನ್ನಡದಲ್ಲಿ ಹೇಳುತ್ತ ಹೋದೆ, ಅವರು ಗಾಡಿಯ ಕೆಳಗೆ ಟಾರ್ಚ್ ಬಿಡುತ್ತ ಹೋದರು. ಊರಿನಲ್ಲಿ ಮಲಯಾಳದ ನೋಟಿಸು ಹಿಡಿದುಕೊಂಡು ಬರುವ ಹಿರಿಯರಿಗೆ ಅದನ್ನು ಓದಿ ಹೇಳುತ್ತ ಬೆಳೆದ ನಮಗೆ ಈ ಕೆಲಸ ರೂಢಿಯಾದದ್ದು.

ಕಾಸರಗೋಡಿನ ಕಾರಿನ ರೋಗವೇ ಬೇರೆ. ವರ್ಷಕ್ಕೆ ಹೆಚ್ಚುಕಡಿಮೆ 3500 ಮಿಲಿಮೀಟರ್ ಮಳೆ, ಹೆದ್ದಾರಿಯುದ್ದಕ್ಕೂ ಉಪ್ಪುಗಾಳಿ. ಎಂಜಿನ್ ಗಟ್ಟಿಮುಟ್ಟಾಗಿದ್ದರೂ ತಳ, ಚಕ್ರದ ಕಮಾನು, ಸೈಲೆನ್ಸರ್, ಸ್ಟೆಪ್ನಿ ಇಡುವ ಗುಂಡಿ ತುಕ್ಕು ಹಿಡಿಯುತ್ತವೆ. ಘಟ್ಟ ಹತ್ತಿ ಇಳಿದ ಗಾಡಿಯಾದರೆ ಬ್ರೇಕ್ ಸವೆತವೂ ಇರುತ್ತದೆ. ಹೊಸಕೆರೆಹಳ್ಳಿಯಿಂದ ಕತ್ತರಿಗುಪ್ಪೆ, ಬನಶಂಕರಿ ಎಂದು ಟ್ರಾಫಿಕ್ಕಿನಲ್ಲಿ ತೆವಳಿದ ಕಾರಿಗಾದರೋ ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇದ್ದರೂ ಕ್ಲಚ್ ಮುಗಿದಿರುತ್ತದೆ. ಮೂರನೇ ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಬಿಟ್ಟಾಗ ಎಂಜಿನ್ ತಟ್ಟನೆ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟಿನ ಖರ್ಚು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಆಲ್ಟೊ 800ರ 796 ಸಿಸಿ ಎಂಜಿನ್ನಿಗಿರುವುದು ಟೈಮಿಂಗ್ ಬೆಲ್ಟ್, ಕೆ10ನ 998 ಸಿಸಿ ಎಂಜಿನ್ನಿಗೆ ಚೈನ್. ಬೆಲ್ಟಿನ ಗಾಡಿಯಾದರೆ ಅದನ್ನು ಬದಲಾಯಿಸಿದ ಬಿಲ್ ಕೇಳಿ. ಟಯರಿನ ಬದಿಯ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಎಂದರೆ 2019ರ 23ನೇ ವಾರ. ಹೆಚ್ಚು ಓಡಿಲ್ಲ ಎನ್ನುವ ಗಾಡಿಯ ಪೆಡಲ್ ರಬ್ಬರ್ ನುಣ್ಣಗೆ ಸವೆದಿದ್ದರೆ ಮೀಟರ್ ತಿರುಗಿಸಿದ್ದಾರೆಂದೇ ನಾನು ತಿಳಿಯುತ್ತೇನೆ.

ಗಡಿಯಾಚೆಯ ನಂಬರಿನ ಗಾಡಿಗೆ ಕಾಗದದ ಖರ್ಚು ಬೇರೆ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವ ವಾಹನಕ್ಕೆ ಅಲ್ಲಿನ ಹೊಸ ನಂಬರು ಪಡೆಯಬೇಕು. ಮೂಲ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ವರ್ಗಾವಣೆಗೆ ಫಾರಂ 29 ಮತ್ತು 30, ಸಾಲವಿದ್ದರೆ ತೀರಿದ್ದಕ್ಕೆ ಫಾರಂ 35, ಮೇಲೆ ಕರ್ನಾಟಕದ ತೆರಿಗೆ. ಇಷ್ಟನ್ನೂ ಕೂಡಿದರೆ ಅಗ್ಗವಾಗಿ ಕಂಡ ಕೆಎಲ್ ಗಾಡಿ ಎಷ್ಟೋ ಸಲ ಅಗ್ಗವಲ್ಲ. ನಮ್ಮ ಹುಡುಗ ಅದನ್ನೇ ಕೊಂಡ, ತಳದ ಕೆಲಸಕ್ಕೂ ತೆರಿಗೆಗೂ ತಕ್ಕಷ್ಟು ಬೆಲೆ ಇಳಿಸಿಕೊಂಡು. ದೋಷವನ್ನು ಬಾಯಿಬಿಟ್ಟು ಹೇಳಿದವರ ಗಾಡಿ ಎಂಬುದು ನನಗೆ ದೊಡ್ಡ ಮಾತಾಗಿ ಕಂಡಿತು.

ಮಾರುವವರಿಗೂ ಒಂದು ಮಾತು. ಕೀಲಿಕೈ ಕೊಟ್ಟು ದುಡ್ಡೆಣಿಸಿದ ಮಾತ್ರಕ್ಕೆ ಗಾಡಿ ನಿಮ್ಮದಲ್ಲದೆ ಹೋಗುವುದಿಲ್ಲ. ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣದ ಕಾರು ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿದ್ದರೂ ದಾಖಲೆಯಲ್ಲಿ ಮೊದಲಿನವರ ಹೆಸರೇ ಉಳಿದಿತ್ತು. ರಾಜ್ಯದೊಳಗಿನ ಮಾರಾಟವನ್ನು 14 ದಿನದಲ್ಲಿ, ಹೊರರಾಜ್ಯದ ಮಾರಾಟವನ್ನು 45 ದಿನದಲ್ಲಿ ಆರ್‌ಟಿಒಗೆ ತಿಳಿಸಿ, ಹೆಸರು ಬದಲಾಗುವವರೆಗೆ ಕೊಂಡವರ ಬೆನ್ನು ಬಿಡಬೇಡಿ.