ಶಿಕಾರಿಪುರ-ಸೊರಬದ ಸೀಮೆಯಲ್ಲಿ ದೂರದ ಮಕ್ಕಳ ಮುಖದರ್ಶನ

ಶಿವಮೊಗ್ಗೆಯಿಂದ ವಾಯವ್ಯ ದಿಕ್ಕಿಗೆ ಹೊರಟರೆ ಮೊದಲು ಶಿಕಾರಿಪುರವೂ, ಅಲ್ಲಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬವೂ ಸಿಕ್ಕುವುವು. ಶಿಕಾರಿಪುರದ ಸುತ್ತ ಬಯಲು ಹೆಚ್ಚು. ಭತ್ತ ಮೆಕ್ಕೆಜೋಳಗಳ ಹೊಲಗಳ ನಡುವೆ ಕೆರೆಗಳು ಹೊಳೆಯುತ್ತವೆ. ಸೊರಬದ ಕಡೆಗೆ ಸಾಗಿದಂತೆಲ್ಲ ಮರಗಳು ದಟ್ಟವಾಗಿ, ತಗ್ಗುಗಳಲ್ಲಿ ಅಡಿಕೆಯ ತೋಟಗಳು ಕಾಣಿಸಿಕೊಂಡು, ಮನೆಗೂ ಮನೆಗೂ ಅಂತರ ಹೆಚ್ಚುತ್ತದೆ. ಈ ಸೀಮೆಯಲ್ಲಿ ನಾವು ನಾಲ್ಕು ದಿನ ತಿರುಗಾಡಿದೆವು. ದೇವಾಲಯಗಳನ್ನು ನೋಡಬೇಕೆಂಬುದೇ ನಮ್ಮ ಉದ್ದೇಶವಾಗಿತ್ತು. ಆದರೆ ತಂಗಿದ ಮನೆಗಳಲ್ಲಿ ಕಂಡ ಸಂಗತಿಯೊಂದು ಮನಸ್ಸನ್ನು ಅದಕ್ಕಿಂತ ಹೆಚ್ಚಾಗಿ ಸೆಳೆದುದರಿಂದ ಅದನ್ನೇ ವಾಚಕರ ಮುಂದಿಡುತ್ತೇವೆ.

ಊರು ಬಿಟ್ಟು ಹೋಗುವುದು ಇಲ್ಲಿನವರಿಗೆ ಹೊಸದಲ್ಲ. ಶಿರಾಳಕೊಪ್ಪದ ಸಮೀಪದ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಶಿಲಾಸ್ತಂಭವಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ, ಎಂದರೆ 5ನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಶಾಸನವು ಅದರ ಮೇಲಿದೆ. ಮಯೂರಶರ್ಮನು ವೀರಶರ್ಮನೊಡನೆ ವಿದ್ಯಾರ್ಜನೆಗಾಗಿ ಕಂಚಿಗೆ ಹೋದುದನ್ನೂ, ಅಲ್ಲಿ ಪಲ್ಲವರ ಕುದುರೆಯ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದುದನ್ನೂ ಅದು ವಿವರಿಸುತ್ತದೆ. ಮನೆಯಲ್ಲಿ ಉಳಿದ ಹೆಂಗಸರ ಮಾತು ಮಾತ್ರ ಅದರಲ್ಲಿಲ್ಲ. ಮಗನು ಕಂಚಿಯಲ್ಲಿ ಉಂಡನೋ ಇಲ್ಲವೋ ಎಂದು ಆ ತಾಯಿಯು ಯಾರನ್ನು ಕೇಳಿದಳೋ! ಈ ತಾಲ್ಲೂಕಿನದೇ ಆದ ಉಡುತಡಿಯಿಂದ 12ನೆಯ ಶತಮಾನದಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೂ, ಅಲ್ಲಿಂದ ಶ್ರೀಶೈಲಕ್ಕೂ ನಡೆದಳು; ಮರಳಿ ಬಂದ ಮಾತಿಲ್ಲ.

ಈಗ ಹೋಗುವವರು ಬೆಂಗಳೂರಿಗೆ, ದುಬೈಗೆ, ಅಮೆರಿಕಕ್ಕೆ ಹೋಗುತ್ತಾರೆ. 2016ನೆಯ ಇಸವಿಯ ಕೊನೆಯಲ್ಲಿ ವಾಟ್ಸಾಪಿನಲ್ಲಿ ಮುಖ ನೋಡಿ ಮಾತನಾಡುವ ವಿಡಿಯೋ ಕರೆ ಬಂದಿತು. ಅದೇ ಕಾಲಕ್ಕೆ ಇಂಟರ್ನೆಟ್ಟಿನ ಬೆಲೆಯೂ ಇಳಿದುದರಿಂದ, ಅದು ಪೇಟೆಯವರ ಸೊತ್ತಾಗಿ ಉಳಿಯಲಿಲ್ಲ.

ಶಿಕಾರಿಪುರದಲ್ಲಿ ನಾವು ಇಳಿದುಕೊಂಡ ಮನೆಯ ಯಜಮಾನರ ಅಣ್ಣನವರು 2020ರ ಏಪ್ರಿಲಿನಲ್ಲಿ ತೀರಿಕೊಂಡರು. ಕೊರೋನದ ನಿಮಿತ್ತ ವಿಮಾನಗಳು ನಿಂತಿದ್ದ ಕಾಲ. ಮಗನು ದುಬೈಯಲ್ಲಿ ಸಿಕ್ಕಿಕೊಂಡಿದ್ದನು. ಯಜಮಾನರೇ ಮೊಬೈಲು ಹಿಡಿದು ನಿಂತರು. ಅವರು ಮುಖವನ್ನು ತೋರಿಸುತ್ತಿದ್ದಾಗ ಹುಡುಗನು, “ಚಿಕ್ಕಪ್ಪ, ಪಾದ ತೋರಿಸಿ” ಎಂದನಂತೆ. ಅಲ್ಲಿಯೇ ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದನಂತೆ. ಇಂಥದನ್ನು ಗಾಜಿನೊಳಗೆ ನೋಡುವುದು ತರವೇ ಎಂದು ಕೇಳುವವರು ಇದ್ದಾರೆ. ಏನೂ ನೋಡದೆ ಉಳಿಯುವುದಕ್ಕಿಂತ ಅದು ಲೇಸೆಂದೇ ನಮ್ಮ ಅಭಿಪ್ರಾಯ.

ಸೊರಬದ ಹತ್ತಿರದ ಹಳ್ಳಿಯೊಂದರಲ್ಲಿ, ನಮ್ಮ ಪರಿಚಯದ ವೃದ್ಧೆಯೊಬ್ಬರಲ್ಲಿ ಎರಡು ರಾತ್ರಿ ಇದ್ದೆವು. ಮಗನು ಸಂಸಾರಸಮೇತನಾಗಿ ಕ್ಯಾಲಿಫೋರ್ನಿಯಾದಲ್ಲಿರುವನು. ಇಲ್ಲಿ ಭಾನುವಾರ ಬೆಳಗ್ಗೆ 8 ಗಂಟೆಯಾದರೆ ಅಲ್ಲಿ ಬೇಸಿಗೆಯಲ್ಲಿ ಶನಿವಾರ ಸಂಜೆ 7-30. ಚಳಿಗಾಲದಲ್ಲಿ ಅವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸುವುದರಿಂದ 6-30. ಈ ಲೆಕ್ಕವು ಅಜ್ಜಿಯವರಿಗೆ ಕಂಠಪಾಠ. ಮನೆಯು ತಗ್ಗಿನಲ್ಲಿರುವುದರಿಂದ ಒಳಗೆ ಟವರ್ ಸಿಕ್ಕುವುದಿಲ್ಲ. ಅಂಗಳದ ತುದಿಯ ಹಲಸಿನ ಮರದ ಬುಡವೊಂದೇ ಗತಿ. ಮಳೆಗಾಲದಲ್ಲಿ ಕೊಡೆ ಹಿಡಿದು ಕುಳಿತದ್ದೂ ಉಂಟಂತೆ. ಎಂಟಕ್ಕೆ ಮೊದಲೇ ಅವರು ಮಿಂದು, ಒಳ್ಳೆಯ ಸೀರೆಯುಟ್ಟು, ಪಕ್ಕದ ಮನೆಯ ಹುಡುಗನನ್ನು ಕರೆಸಿಕೊಂಡು ಸಿದ್ಧರಾದರು.

“ತಮ್ಮಾ, ಊಟ ಆತಾ?” ಎಂಬುದು ಮೊದಲ ಪ್ರಶ್ನೆ. ಆಮೇಲೆ ಮಳೆ, ಅಡಿಕೆಯ ಕೊಳೆರೋಗ, ನೆಂಟರ ಮದುವೆ. ಐದು ವರ್ಷದ ಮೊಮ್ಮಗಳು ಕರುವನ್ನು ತೋರಿಸೆಂದು ಹಠ ಹಿಡಿದಳು. ಹುಡುಗನು ಮೊಬೈಲು ಹಿಡಿದು ಕೊಟ್ಟಿಗೆಗೆ ಓಡಿದನು. ಅರ್ಧ ದಾರಿಯಲ್ಲಿಯೇ ಚಿತ್ರವು ನಿಂತುಹೋಯಿತು. ಕೊನೆಗೆ ಕರುವನ್ನೇ ಹಗ್ಗ ಕಟ್ಟಿ ಹಲಸಿನ ಮರದ ಬಳಿಗೆ ಎಳೆತರಬೇಕಾಯಿತು.

ಈ ಮಗು ಹಿಂದಿನ ವರ್ಷ ಊರಿಗೆ ಬಂದಾಗ, ದಾರಿ ಗೊತ್ತಿದ್ದವಳಂತೆ ನೇರವಾಗಿ ಕೊಟ್ಟಿಗೆಗೇ ಹೋದಳಂತೆ. ಆದರೆ ಹಸುವಿನ ಗಾತ್ರವನ್ನೂ ಸಗಣಿಯ ವಾಸನೆಯನ್ನೂ ಮೊಬೈಲು ತಿಳಿಸಿರಲಿಲ್ಲ. ಕಿರಿಚಿಕೊಂಡು ತಾಯಿಯ ಹಿಂದೆ ಅಡಗಿದಳು. ಎರಡು ದಿನ ಅಜ್ಜಿಯ ಮಡಿಲಿಗೂ ಬರಲಿಲ್ಲ. ಮೂರನೆಯ ದಿನ ಅಜ್ಜಿಯವರು ಜಗಲಿಯಲ್ಲಿ ಕುಳಿತು ಭಾನುವಾರದ ಕಥೆಯನ್ನು ತಮ್ಮಷ್ಟಕ್ಕೆ ತಾವೇ ಹೇಳತೊಡಗಿದಾಗ, ಧ್ವನಿಯ ಗುರುತು ಹಿಡಿದು ತಾನಾಗಿ ಬಂದು ಕುಳಿತಳು.

ಈ ಸಾಧನದಲ್ಲಿ ಒಂದು ಮೋಸವೂ ಉಂಟು. ಕರೆ ಮಾಡುವವರು ತೋರಿಸಿದಷ್ಟನ್ನೇ ಅದು ತೋರಿಸುವುದು. ಮೂರು ವರ್ಷಗಳ ಹಿಂದೆ ಅಜ್ಜಿಯವರು ತೋಟದ ಕಾಲುದಾರಿಯಲ್ಲಿ ಜಾರಿ ಬಿದ್ದು, ಹಿಮ್ಮಡಿಯ ಮೇಲೆ ಊದಿಕೊಂಡು ಕೋಲಿಲ್ಲದೆ ನಡೆಯಲಾರದಾದರು. ಆರು ಭಾನುವಾರ ಆ ಮಾತನ್ನೇ ಎತ್ತಲಿಲ್ಲ. ನಗುಮುಖವನ್ನು ಮಾತ್ರ ತೋರಿಸುತ್ತ ಬಂದರು. ಏಳನೆಯ ಸಲ ಹುಡುಗನು ಅರಿಯದೆ ಮೊಬೈಲನ್ನು ವಾಲಿಸಲು ಕಟ್ಟು ಹಾಕಿದ ಕಾಲು ಕಂಡಿತು. ಮಗನು ಸ್ವಲ್ಪ ಹೊತ್ತು ಮಾತನಾಡಲಿಲ್ಲವಂತೆ. ಆಮೇಲೆ, ತನ್ನ ಕೆಲಸ ಹೋಗಿ ಮೂರು ತಿಂಗಳಾಯಿತೆಂದೂ, ಶನಿವಾರ ಸಂಜೆ ಇಸ್ತ್ರಿಯ ಅಂಗಿ ತೊಡುವುದು ಇದಕ್ಕಾಗಿಯೇ ಎಂದೂ ತಿಳಿಸಿದನು. ಅಂದು ಇಬ್ಬರೂ ಒಂದೂವರೆ ಗಂಟೆ ಮಾತನಾಡಿದರಂತೆ. ಮುಂದೆ ಎರಡು ತಿಂಗಳಲ್ಲಿ ಅವನಿಗೆ ಬೇರೆ ಕೆಲಸ ದೊರೆಯಿತು. ಅಜ್ಜಿಯವರ ಕಾಲು ಮಾತ್ರ ಮೊದಲಿನಂತಾಗಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಒಂದು ಕಟ್ಟಳೆ ನಡೆದುಬಂದಿದೆ. ಕರೆ ಬಂದೊಡನೆ ಅಜ್ಜಿಯವರು ಅಂಗಳದಲ್ಲಿ ಹತ್ತು ಹೆಜ್ಜೆ ನಡೆದು ತೋರಿಸಬೇಕು. ಮಗನು ಅಡಿಗೆಯ ಪಾತ್ರೆಗಳ ಮುಚ್ಚಳ ತೆಗೆದು ತೋರಿಸಬೇಕು. ನಾವಿದ್ದ ದಿನ ಅವನ ಪಾತ್ರೆಯಲ್ಲಿ ತಿಳಿಸಾರು ಇತ್ತು. ಅಜ್ಜಿಯವರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿ, “ಒಗ್ಗರಣೆ ಸೀದೈತಲ್ಲೋ, ತಮ್ಮಾ” ಎಂದರು.