ಕುಂದಗೋಳದ ಕೊಟ್ಟಿಗೆಯಿಂದ ಅಣ್ಣಿಗೇರಿಗೆ

ಹುಬ್ಬಳ್ಳಿಯಿಂದ ಕುಂದಗೋಳದ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಎರಿ ಹೊಲ. ಬೇಸಿಗೆಯಲ್ಲಿ ಈ ಕರಿ ಮಣ್ಣು ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಕಾಲಿನ ಚಪ್ಪಲಿಯನ್ನೂ ಬಿಡದೆ ಹಿಡಿದುಕೊಳ್ಳುತ್ತದೆ. ಮೆಣಸಿನಕಾಯಿ, ಹತ್ತಿ, ಜೋಳ, ಕಡಲೆ ಬೆಳೆಯುವ ಸೀಮೆ ಇದು. ಕುಂದಗೋಳ ಎಂದರೆ ಸವಾಯಿ ಗಂಧರ್ವರ ಊರು. ಭೀಮಸೇನ ಜೋಶಿಯವರು ಅವರ ಬಳಿ ಕಲಿತದ್ದು ಇಲ್ಲೇ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ನಾನು ಹೋದದ್ದು ಮಾತ್ರ ಸಂಗೀತಕ್ಕಲ್ಲ, ಒಂದು ಹಳೆಯ ಕಾರಿಗಾಗಿ.

ತಾಲೂಕಿನ ಒಂದು ಸಣ್ಣ ಹಳ್ಳಿ. ವಾಡೆಯ ಹಿಂದೆ ದನದ ಕೊಟ್ಟಿಗೆ. ಒಂದು ಮಗ್ಗುಲಿಗೆ ಎತ್ತುಗಳು, ಇನ್ನೊಂದು ಮಗ್ಗುಲಿಗೆ ಕಣಿಕೆ, ಹಳೇ ಚಕ್ಕಡಿಯ ಗಾಲಿಗಳು. ನಡುವೆ ತಾಡಪತ್ರಿ ಹೊದ್ದು ನಿಂತಿತ್ತು 1972ರ ಅಂಬಾಸಿಡರ್ ಕಾರು. ಮನೆಯ ಮುತ್ತ್ಯಾನ ಕಣ್ಣು ಮಂಜಾದ ಮೇಲೆ 22 ವರ್ಷ ಅದು ಅಲ್ಲಾಡಿರಲಿಲ್ಲ. ನಂಬರ್ ಪ್ಲೇಟಿನ ಮೇಲೆ ಇನ್ನೂ ‘ಎಂವೈ’ ಅಕ್ಷರ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದದ್ದು 1973ರ ನವೆಂಬರ್ 1ರಂದು. ಈ ಕಾರು ಅದಕ್ಕೂ ಮೊದಲಿನದು, ಮೈಸೂರು ರಾಜ್ಯದ ಕಾಲದ್ದು.

“ಗುಜರಿಯವ ತೂಕದ ಮ್ಯಾಲೆ ಕೇಳ್ಯಾನ್ರಿ. ನಾ ಕೊಟ್ಟಿಲ್ಲ. ನೀವು ಓಡಸ್ತೀನಿ ಅಂದ್ರ ಕೊಡ್ತೀನಿ. ಬಿಚ್ಚಿ ಮಾರೂದಾದ್ರ ಬ್ಯಾಡ” ಎಂದರು ಮುತ್ತ್ಯಾ.

“ಓಡಸಾಕನ ಬಂದೀನ್ರಿ ಮುತ್ತ್ಯಾ” ಎಂದೆ.

“ಹಂಗಾರ ಇನ್ನೊಂದ ಮಾತು. ಇದು ಎದ್ದು ಓಡಿದ್ರ ಮೊದಲ ನಮ್ಮಾಕಿನ್ನ ಅಣ್ಣಿಗೇರಿಗೆ ಕರಕೊಂಡು ಹೋಗಬೇಕು. ಅದು ಅಕಿ ತವರುಮನಿ. ಮದಿವ್ಯಾದಾಗ ಇದರಾಗ ಬಂದಾಕಿ.”

ಆಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅಣ್ಣಿಗೇರಿಯಲ್ಲಿ ಅವರ ಅಕ್ಕ ಹಾಸಿಗೆ ಹಿಡಿದಿದ್ದರು. ಬಸ್ಸಿನ ಮೆಟ್ಟಿಲು ಹತ್ತಲು ಆಯಿಯ ಮೊಣಕಾಲು ಬಿಡುತ್ತಿರಲಿಲ್ಲ. “ಅಕ್ಕ ಫೋನಿನ್ಯಾಗ ನನ್ನ ಕೇಳಿದ ಮ್ಯಾಲೆ ಕಾರು ಹೆಂಗೈತಿ ಅಂತನ ಕೇಳತಾಳ” ಎಂದು ನಕ್ಕರು. ಬೆಲೆಯ ಮಾತು ಮುಗಿದದ್ದು ಐದು ನಿಮಿಷಕ್ಕೆ, ಚಹಾ ಮುಗಿದದ್ದು ಒಂದು ತಾಸಿಗೆ.

ಮಕ್ಕಳೇ, ಅಂಬಾಸಿಡರ್ ಗೊತ್ತಿಲ್ಲದಿದ್ದರೆ ಮನೆಯ ಅಜ್ಜನನ್ನು ಕೇಳಿ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟರ್ಸ್ ಇದನ್ನು ಕೋಲ್ಕತ್ತ ಬಳಿಯ ಉತ್ತರಪಾಡಾದಲ್ಲಿ ತಯಾರಿಸಿತು. 1950ರ ದಶಕದ ಕೊನೆಯಿಂದ 2014ರವರೆಗೆ ಇದು ತಯಾರಾಯಿತು. ಮಂತ್ರಿಗಳು, ಡಾಕ್ಟರು, ಟ್ಯಾಕ್ಸಿಯವರು ಎಲ್ಲರಿಗೂ ಇದೇ ಕಾರು. ನಮ್ಮ ಕಾರಿನದು 1489 ಸಿಸಿಯ ಪೆಟ್ರೋಲ್ ಎಂಜಿನ್. ಮುಂದಿನ ಸೀಟು ಸೋಫಾದಂತೆ ಒಂದೇ ಉದ್ದಕ್ಕೆ, ಗೇರು ಸ್ಟೇರಿಂಗಿನ ಪಕ್ಕದಲ್ಲಿ.

ಕಾರು ಓಡಿದರೆ ಸವೆಯುತ್ತದೆ, ನಿಂತರೆ ಕೊಳೆಯುತ್ತದೆ. ಹುಬ್ಬಳ್ಳಿಯಿಂದ ಬಂದ ವಯಸ್ಸಾದ ಮಿಸ್ತ್ರಿ ಮೊದಲು ಮಾಡಿದ ಕೆಲಸ ಬೀಗದ ಕೈ ಕಿತ್ತು ಜೇಬಿಗೆ ಹಾಕಿಕೊಂಡದ್ದು. ವರ್ಷಗಟ್ಟಲೆ ನಿಂತ ಎಂಜಿನ್ನಿನ ಸಿಲಿಂಡರ್ ಒಣಗಿ ತುಕ್ಕು ಹಿಡಿದಿರುತ್ತದೆ. ಒಮ್ಮೆಲೇ ತಿರುಗಿಸಿದರೆ ಒಳಗೆ ಗೀರು ಬೀಳುತ್ತದೆ. ನಾಲ್ಕೂ ಪ್ಲಗ್ಗು ಬಿಚ್ಚಿ, ಒಂದೊಂದು ತೂತಿಗೆ ತುಸು ಎಣ್ಣೆ ಬಿಟ್ಟು ಎರಡು ದಿನ ಸುಮ್ಮನೆ ಬಿಟ್ಟರು. ಮೂರನೆಯ ದಿನ ಮುಂದುಗಡೆಯಿಂದ ಹ್ಯಾಂಡಲ್ ಹಾಕಿ ಮೆಲ್ಲಗೆ ಒತ್ತಿದರು. ಎಂಜಿನ್ ಒಂದು ಸುತ್ತು ತಿರುಗಿತು. ಮುತ್ತ್ಯಾ ಕಟ್ಟೆಯಿಂದ ಎದ್ದು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು.

ಮುಂದೆ ಪೆಟ್ರೋಲ್ ಟಾಕಿ. ಹಳೆಯ ಪೆಟ್ರೋಲಿನ ಹಗುರ ಅಂಶ ಆರಿಹೋಗಿ ಉಳಿದದ್ದು ಅಂಟಾಗಿತ್ತು. ಟಾಕಿ ಇಳಿಸಿ, ಸಣ್ಣ ಹರಳು ಹಾಕಿ ಕುಲುಕಿ ತುಕ್ಕು ಉದುರಿಸಿದೆವು. ಕಾರ್ಬೊರೇಟರಿನ ಕೂದಲೆಳೆಯಂಥ ತೂತುಗಳನ್ನು ಗಾಳಿ ಹೊಡೆದು ತೆರೆದೆವು. ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು ತಾಳುವುದಿಲ್ಲ. ಅವನ್ನೆಲ್ಲ ಹೊಸದಾಗಿ ಹಾಕಿದೆವು. ಇಲಿಗಳು ವೈರು ಕಡಿದಿದ್ದವು, ಹಿಂದಿನ ಸೀಟಿನ ನಾರು ಕಿತ್ತು ಗೂಡು ಕಟ್ಟಿದ್ದವು.

ಹೆಚ್ಚು ದಿನ ಹಿಡಿದದ್ದು ಬ್ರೇಕು. ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತದೆ, ಒಳಗಿನ ಲೋಹಕ್ಕೆ ತುಕ್ಕು ಹಿಡಿಯುತ್ತದೆ, ರಬ್ಬರು ಗಟ್ಟಿಯಾಗುತ್ತದೆ. ನಾಲ್ಕೂ ಗಾಲಿ ಬಿಚ್ಚಿ ಎಲ್ಲ ಬದಲಿಸಬೇಕಾಯಿತು. ನೋಡಲು ಚೆಂದವಿದ್ದ ಟಯರುಗಳೂ ವಯಸ್ಸಿಗೆ ಸೀಳಿದ್ದವು. ನಾನು ಅವಸರ ಮಾಡಿದಾಗ ಮಿಸ್ತ್ರಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಓಡೂದು ಆಮ್ಯಾಲೆ ಸಾಹೇಬ್ರ, ನಿಂದ್ರೂದು ಮೊದಲು.”

ಏಳನೆಯ ವಾರ ಎಂಜಿನ್ ಕೆಮ್ಮಿತು, ನೀಲಿ ಹೊಗೆ ಬಿಟ್ಟಿತು, ನಿಂತಿತು. ಮತ್ತೊಮ್ಮೆ ಕೆಮ್ಮಿ ಹಿಡಿದುಕೊಂಡಿತು. ಎತ್ತುಗಳು ಬೆದರಿ ಹಗ್ಗ ಜಗ್ಗಿದವು. ಓಣಿಯ ಹುಡುಗರೆಲ್ಲ ಕೊಟ್ಟಿಗೆಗೆ ನುಗ್ಗಿದರು.

ಕಾಗದಪತ್ರದ ಕೆಲಸವೂ ಇತ್ತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ತಪಾಸಣೆ ಮಾಡಿಸಿ ನವೀಕರಿಸಬೇಕು. 50 ವರ್ಷ ದಾಟಿ ಮೂಲರೂಪದಲ್ಲೇ ಇರುವ ವಾಹನಗಳಿಗೆ 2021ರಿಂದ ‘ವಿಂಟೇಜ್’ ಎಂಬ ಬೇರೆ ನೋಂದಣಿಯೂ ಇದೆ. ಆದರೆ ಅಂಥವನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗೆ ಮಾತ್ರ. ನಮಗೆ ಅಣ್ಣಿಗೇರಿಗೆ ಹೋಗಬೇಕಿತ್ತು. ಹಾಗಾಗಿ ಸಾಮಾನ್ಯ ನವೀಕರಣವನ್ನೇ ಮಾಡಿಸಿದೆವು.

ಕಡಲೆ ಕೀಳುವ ಕಾಲ. ಹಿಂದಿನ ಸೀಟಿಗೆ ಕಂಬಳಿ ಹಾಸಿ ಆಯಿಯನ್ನು ಕೂರಿಸಿದೆವು. ಅಗಲ ಬಾಗಿಲು, ಎತ್ತರದ ಸೀಟು. ಆಯಿಗೆ ಯಾರ ಕೈಯೂ ಬೇಕಾಗಲಿಲ್ಲ. ಮುತ್ತ್ಯಾ ಮುಂದೆ ನನ್ನ ಪಕ್ಕದಲ್ಲಿ, ಆಚೆ ಮಿಸ್ತ್ರಿ. ಹುಬ್ಬಳ್ಳಿ ದಾಟಿ ಗದಗ ರಸ್ತೆ ಹಿಡಿದೆವು. ತಾಸಿಗೆ 45 ಕಿಲೋಮೀಟರಿನ ಮೇಲೆ ಹೋಗಲು ಮಿಸ್ತ್ರಿ ಬಿಡಲಿಲ್ಲ. ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋದವು. ನಮಗೆ ಹೊಲ ನೋಡಲು ಪುರುಸೊತ್ತು ಸಿಕ್ಕಿತು.

ಅಣ್ಣಿಗೇರಿ ಆದಿಕವಿ ಪಂಪನ ಊರೆಂದು ಹೆಸರಾದದ್ದು. ಕಲ್ಯಾಣದ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿ ಇಲ್ಲಿದೆ, ಕರಿ ಕಲ್ಲಿನ ಕಂಬಗಳಿಂದ ತುಂಬಿದ್ದು. ಆಯಿ ಮೊದಲು ಗುಡಿಗೆ ಬರಲಿಲ್ಲ, ಅಕ್ಕನ ಮನೆಗೇ ನಡೆಯಿರಿ ಎಂದರು. ಹಾರ್ನ್ ಸದ್ದಿಗೆ ಒಳಗಿನಿಂದ ಅಕ್ಕನ ದನಿ ಬಂತು: “ಬಂತೇನ ನಮ್ಮ ಕಾರು?” ಮೊಮ್ಮಕ್ಕಳು ಅವರನ್ನು ಕುರ್ಚಿಸಮೇತ ಎತ್ತಿ ತಂದು ಹಿಂದಿನ ಸೀಟಿನಲ್ಲಿ ತಂಗಿಯ ಪಕ್ಕ ಕೂರಿಸಿದರು. ಗುಡಿಯವರೆಗೆ ಹೋಗಿ ಬಂದೆವು. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು.

ಮರುದಿನ ನವಲಗುಂದಕ್ಕೆ ಹೋಗಿ ಹಿಂದಿನ ಸೀಟಿಗೆಂದು ಒಂದು ಜಮಖಾನ ಕೊಂಡೆವು. ಅಲ್ಲಿ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ಕೈಯಿಂದಲೇ ನೇಯುವ, ನವಿಲಿನ ಚಿತ್ತಾರದ ಹತ್ತಿ ಜಮಖಾನಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ.

ಹಳೆಯ ಕಾರುಗಳನ್ನು ಸಾಲಾಗಿ ನೋಡಬೇಕೆಂದರೆ ಧರ್ಮಸ್ಥಳದ ಸಂಗ್ರಹಾಲಯಕ್ಕೆ ಹೋಗಿ. ಆದರೆ ನಿಮ್ಮೂರ ಕೊಟ್ಟಿಗೆಯಲ್ಲೂ ಒಂದು ನಿಂತಿದ್ದರೆ ಮೊದಲು ಅದರ ಕಥೆ ಕೇಳಿ, ಆಮೇಲೆ ಎಣ್ಣೆ ಬಿಡಿ, ಬೀಗದ ಕೈ ಕೊನೆಗೆ. ನಮ್ಮದು ಈಗ ಪ್ರತಿ ಭಾನುವಾರ ಹತ್ತು ಕಿಲೋಮೀಟರ್ ಓಡುತ್ತದೆ. ತಿಂಗಳಿಗೊಮ್ಮೆ ಅಣ್ಣಿಗೇರಿಗೆ.